ಬಡಿಸುವ ಕೈಗೆ ಒಪ್ಪುವ ಶಿಲ್ಪ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ನಡುವೆ ಮನೆ. ಎರಡು ವರ್ಷದಿಂದ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ನಾನು ಮಣ್ಣಿನ ಕೆಲಸ ಕಲಿತವಳು. ಮನೆಯಲ್ಲೇ 1250 ಡಿಗ್ರಿವರೆಗೆ ಹೋಗುವ ಚಿಕ್ಕ ಕರೆಂಟ್ ಭಟ್ಟಿ ಇದೆ. ಮನೆಗೆ ಬಂದವರಿಗೆ ಬಡಿಸುವ ಪಾತ್ರೆಗಳೇ ಶಿಲ್ಪದ ಹಾಗಿರಬೇಕು ಅಂತ ಆಸೆಪಟ್ಟು ಮೂರು ಮಾಡಿದೆ. ಯಾಣದ ಬಂಡೆಯ ಆಕಾರದ ಮೂರು ಅಂತಸ್ತಿನ ತಿಂಡಿ ಸ್ಟ್ಯಾಂಡ್, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಕೊಕ್ಕಿನಿಂದ ಮುರುಗಲು ಪಾನಕ ಸುರಿಯುವ ಜಗ್, ಬಾಳೆ ಎಲೆಯಂಥ ತಟ್ಟೆ. ಎಲ್ಲರೂ ಫೋಟೋ ತೆಗೆದುಕೊಂಡರು. ಆದರೆ ಯಾರೂ ಅದರಲ್ಲಿ ಬಡಿಸಿಕೊಂಡು ತಿನ್ನಲಿಲ್ಲ. ಸ್ಟ್ಯಾಂಡ್ ಎತ್ತಲು ಇಬ್ಬರು ಬೇಕು. ಜಗ್‌ನಿಂದ ಪಾನಕ ಸೋರುತ್ತದೆ. ತಟ್ಟೆ ನೋಡಿ ನಮ್ಮತ್ತೆ, 'ಇದು ಪ್ಲಾಸ್ಟಿಕ್ ಥರ ಕಾಣ್ತದಲ್ಲೇ' ಅಂದರು. ಎಲ್ಲಿ ತಪ್ಪಿದೆ? ಅಪ್ಪೆಹುಳಿಯಂಥ ಹುಳಿ ಪದಾರ್ಥಕ್ಕೆ ಎಂಥ ಗ್ಲೇಜ್ (ಸುಟ್ಟಾಗ ಗಾಜಿನ ಹಾಗೆ ಕೂರುವ ಲೇಪ) ಹಾಕಬೇಕು? ಕಾರವಾರದ ಗೆಳತಿಯೊಬ್ಬಳು ಮೀನೂಟಕ್ಕೂ ಒಂದು ಸೆಟ್ ಕೇಳಿದ್ದಾಳೆ. ಅದಕ್ಕೆ ಏನು ಮಾಡಲಿ?

ಉತ್ತರ: ನೀವು ಕಳಿಸಿದ ಫೋಟೋಗಳನ್ನು ಎರಡು ದಿನ ಇಟ್ಟುಕೊಂಡು ನೋಡಿದೆ. ನಿಮ್ಮ ಕೈಕೆಲಸ ಚೆನ್ನಾಗಿದೆ. ಮಂಗಟ್ಟೆಯ ಕಣ್ಣಿನ ಸುತ್ತ ರೆಪ್ಪೆಗೂದಲು ಕೂಡ ಬಿಡಿಸಿದ್ದೀರಿ. ಹಕ್ಕಿಯನ್ನು ಹತ್ತಿರದಿಂದ ನೋಡಿದವರು ಮಾತ್ರ ಹಾಗೆ ಮಾಡಬಲ್ಲರು. ಹಾಗಾಗಿ ತಪ್ಪು ಕೈಯಲ್ಲಿಲ್ಲ. ಮಣ್ಣು ಮುಟ್ಟುವ ಮೊದಲೇ ಕೇಳಿಕೊಳ್ಳಬೇಕಿದ್ದ ಒಂದು ಪ್ರಶ್ನೆಯನ್ನು ನೀವು ಕೇಳಿಕೊಂಡಿಲ್ಲ, ಅಷ್ಟೆ. ಈ ಪಾತ್ರೆ ಕೂರುವಂಥದ್ದೋ, ನಡೆಯುವಂಥದ್ದೋ?

ಮೇಜಿನ ಮೇಲೆ ಒಂದು ಕಡೆ ಇಟ್ಟರೆ ಊಟ ಮುಗಿಯುವವರೆಗೆ ಅಲ್ಲೇ ಇರುವುದು ಕೂರುವ ಪಾತ್ರೆ. ಬಡಿಸುವವರ ಕೈಯಲ್ಲಿ ಎಲೆಯಿಂದ ಎಲೆಗೆ ಹೋಗುವುದು ನಡೆಯುವ ಪಾತ್ರೆ. ಎರಡರ ಶಿಲ್ಪವೂ ಬೇರೆ ಬೇರೆ. ಕೂರುವುದಕ್ಕೆ ಹೊಂದುವ ಎತ್ತರ, ತೂಕ, ಕೆತ್ತನೆ ಯಾವುದೂ ನಡೆಯುವುದಕ್ಕೆ ಹೊಂದುವುದಿಲ್ಲ. ನಿಮ್ಮ ಮೂರು ಪಾತ್ರೆಗಳಲ್ಲಿ ಈ ಎರಡು ಜಾತಿ ಕಲಸಿಹೋಗಿವೆ.

ಶಿಲ್ಪದಂಥ ಪಾತ್ರೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರಗಳೆಲ್ಲ ಹೆಚ್ಚಾಗಿ ಯುರೋಪಿನ ಮೇಜಿನಿಂದ ಬಂದವು. 16ನೇ ಶತಮಾನದಲ್ಲಿ ಫ್ರಾನ್ಸ್‌ನ ಬರ್ನಾರ್ಡ್ ಪಾಲಿಸಿ ಹಾವು, ಹಲ್ಲಿ, ಮೀನು, ಜರಿಗಿಡಗಳು ಎದ್ದು ನಿಂತಂತಿರುವ ದೊಡ್ಡ ತಟ್ಟೆಗಳನ್ನು ಮಾಡಿದ. ನಿಜವಾದ ಪ್ರಾಣಿಗಳಿಂದಲೇ ಅಚ್ಚು ತೆಗೆದ. ನೋಡಿದರೆ ಮೈ ಜುಂ ಅನ್ನುತ್ತದೆ. ಆದರೆ ಅವು ನೋಡುವುದಕ್ಕೆ ಇಟ್ಟ ತಟ್ಟೆಗಳು. ಹಾವು ಸುತ್ತಿಕೊಂಡ ತಟ್ಟೆಯಲ್ಲಿ ಅನ್ನ ಹಾಕಲು ಜಾಗವೆಲ್ಲಿ? ಇನ್ನೊಂದು ನನಗೆ ತುಂಬ ಇಷ್ಟವಾದದ್ದು. ಜರ್ಮನಿಯ ಮೈಸೆನ್‌ನಲ್ಲಿ ಕೆಂಡ್ಲರ್ ಎಂಬ ಶಿಲ್ಪಿಯ ಕೈಕೆಳಗೆ 1737ರ ನಂತರ ಕೆಲವು ವರ್ಷ ತಯಾರಾದ ಹಂಸಗಳ ಊಟದ ಸೆಟ್. ಎರಡು ಸಾವಿರಕ್ಕೂ ಜಾಸ್ತಿ ಪಿಂಗಾಣಿ ಸಾಮಾನು. ಅದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಮೇಜಿನ ನಡುವೆ ಕೂರುವ ದೊಡ್ಡ ಸೂಪ್ ಪಾತ್ರೆಗಳಲ್ಲಿ ಗೊಂಬೆಗಳು ಪೂರ್ತಿ ಮೈದುಂಬಿ ನಿಂತಿವೆ. ಉಣ್ಣುವ ತಟ್ಟೆಗಳಲ್ಲಿ ಅದೇ ಹಂಸಗಳು ನೀರಿನ ಮೇಲಿನ ಗೆರೆಯಷ್ಟು ತೆಳ್ಳಗೆ ಉಬ್ಬಿವೆ. ಚಮಚ ಆಡುವ ಜಾಗದಲ್ಲಿ ಶಿಲ್ಪ ತಗ್ಗಿದೆ, ಚಮಚ ಬಾರದ ಜಾಗದಲ್ಲಿ ಎದ್ದಿದೆ. ಒಂದೇ ಸೆಟ್, ಒಂದೇ ಹಂಸ. ಆದರೆ ಯಾವುದು ಎಲ್ಲಿರಬೇಕು ಅಂತ ಮಾಡಿದವನಿಗೆ ಗೊತ್ತಿತ್ತು.

ಈಗ ನಮ್ಮ ಕಡೆಯ ಪಂಕ್ತಿ ನೆನಪಿಸಿಕೊಳ್ಳಿ. ಜಗಲಿಯಲ್ಲಿ ಎಲೆ ಹಾಕಿದೆ. ಉಣ್ಣುವವರು ಕೂತಿದ್ದಾರೆ. ಬಡಿಸುವವರು ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸಟ್ಟುಗ ಅಥವಾ ಸೌಟು ಹಿಡಿದು, ಪ್ರತಿ ಎಲೆಯ ಮುಂದೆ ಸೊಂಟ ಬಗ್ಗಿಸಿ, ಮತ್ತೆ ಎದ್ದು, ಒಂದು ಹೆಜ್ಜೆ ಇಟ್ಟು, ಮತ್ತೆ ಬಗ್ಗುತ್ತಾರೆ. ನಲವತ್ತು ಎಲೆಗೆ ನಲವತ್ತು ಸಲ. 'ಸಾವಕಾಶ ಊಟ ಮಾಡಿ' ಅನ್ನುವ ಮಾತೂ ನಡೆಯುತ್ತಲೇ ಬರುತ್ತದೆ. ನಮ್ಮ ಉಪಚಾರ ಅಂದರೆ ಮೇಜಿನ ಮೇಲೆ ಜೋಡಿಸಿಟ್ಟ ನೋಟ ಅಲ್ಲ. ಹತ್ತಿರ ಬಂದು, ಬಗ್ಗಿ, 'ಸ್ವಲ್ಪ ಹಾಕಲಾ' ಅಂತ ಕೇಳುವ ಕೈ ಅದು. ನೀವು ಶಿಲ್ಪ ಮಾಡಬೇಕಾಗಿರುವುದು ಆ ಕೈಗೆ.

ನೆಲದ ಮೇಲೆ ಕೂತವರ ಕಣ್ಣಿಗೆ ಆ ಪಾತ್ರೆಯಲ್ಲಿ ಏನು ಕಾಣುತ್ತದೆ? ಒಳಗಿರುವ ಪದಾರ್ಥ ಕಾಣುವುದಿಲ್ಲ. ಬಡಿಸುವವರು ಎದ್ದು ಮುಂದೆ ಹೋಗುವಾಗ ಕಾಣುವುದು ಪಾತ್ರೆಯ ಬುಡ, ಬುಡದ ಕೆಳಗಿನ ಹೊಟ್ಟೆ, ಅದನ್ನು ಹಿಡಿದ ಬೆರಳು. ಚಿಕ್ಕವನಿದ್ದಾಗ ಪಂಕ್ತಿಯಲ್ಲಿ ಕೂತು ನಾನು ಜಾಸ್ತಿ ನೋಡಿದ್ದು ಅದನ್ನೇ. ಅಜ್ಜಿಯ ಕೈಯ ತುಪ್ಪದ ಗಿಂಡಿಯ ತಳದಲ್ಲಿ ಒಂದು ಸುತ್ತು ಗೀರು ಇತ್ತು. ಲೇತ್‌ನಲ್ಲಿ ಹಿಡಿದಾಗ ಬಿದ್ದ ಗೀರು ಇರಬೇಕು. ಅದು ದೀಪದ ಬೆಳಕಿಗೆ ಮಿಂಚಿ ಹೋಗುತ್ತಿತ್ತು. ಪಾತ್ರೆಯ ಮೇಲ್ಗಡೆ ಹೇಗಿತ್ತೋ ನೆನಪಿಲ್ಲ, ಆ ಗೀರು ನೆನಪಿದೆ. ನಡೆಯುವ ಪಾತ್ರೆಯ ಚೆಂದವನ್ನು ಬುಡದಲ್ಲಿಡಿ ಅಂತ ಹೇಳುವುದು ಅದಕ್ಕೇ. ಬುಡ ತಿರುಗಿಸಿ ನೋಡುವುದು ಮಾರುವವರಿಗೆ, ಕೊಳ್ಳುವವರಿಗೆ ಮಾತ್ರ ಅಂತ ನಮಗೆ ಕಲಿಸಿದ್ದಾರೆ. ನಮ್ಮ ಕಡೆ ಉಣ್ಣುವವರು ಅದನ್ನು ತಿರುಗಿಸದೆಯೇ ನೋಡುತ್ತಾರೆ.

ಈಗ ನಿಮ್ಮ ಜಗ್‌ಗೆ ಬರೋಣ. ಮೂರರಲ್ಲಿ ಅದೇ ಗೆಲ್ಲುವ ಪಾತ್ರೆ. ಬೇಗ ಸರಿಯಾಗುವುದೂ ಅದೇ.

ಸೋರುವುದಕ್ಕೆ ಎರಡು ಕಾರಣ ಇವೆ. ಮೊದಲನೆಯದು ಫೋಟೋದಲ್ಲೇ ಕಾಣುತ್ತದೆ. ಹಕ್ಕಿ ಕೊಂಬೆ ಮೇಲೆ ಕೂತು ಕೆಳಗೆ ನೋಡುವ ಹಾಗೆ ಮಾಡಿದ್ದೀರಿ. ಕೊಕ್ಕಿನ ತುದಿ ಜಗ್‌ನ ಬಾಯಿಗಿಂತ ನಾಲ್ಕು ಬೆರಳು ಕೆಳಗಿದೆ. ನೀರು ತನ್ನ ಮಟ್ಟ ತಾನೇ ಹುಡುಕುತ್ತದೆ ಅಲ್ವಾ? ಜಗ್ ತುಂಬಿದರೆ ಕೊಕ್ಕಿನ ತುದಿಯ ಮಟ್ಟಕ್ಕೆ ಇಳಿಯುವವರೆಗೂ ಪಾನಕ ತಾನಾಗೇ ಹೊರಗೆ ಬರುತ್ತದೆ. ಮೂತಿಯ ತುದಿ ಯಾವಾಗಲೂ ಬಾಯಿಯ ಮಟ್ಟಕ್ಕೆ ಸಮ ಇರಬೇಕು, ಇಲ್ಲವೇ ಕೂದಲೆಳೆ ಮೇಲಿರಬೇಕು. ಗಿಂಡಿ, ಟೀ ಕೆಟಲ್, ಯಾವುದೇ ಇರಲಿ, ಇದಕ್ಕೆ ವಿನಾಯಿತಿ ಇಲ್ಲ.

ಹಾಗಾದರೆ ಮಂಗಟ್ಟೆಯನ್ನು ಬಿಡಬೇಕೇ? ಬೇಡವೇ ಬೇಡ. ಮಂಗಟ್ಟೆ ಹಣ್ಣು ತಿನ್ನುವುದನ್ನು ನೋಡಿದ್ದೀರಿ ತಾನೇ? ಅದರ ನಾಲಿಗೆ ಗಿಡ್ಡ. ಉದ್ದ ಕೊಕ್ಕಿನ ತುದಿಯಲ್ಲಿ ಹಿಡಿದ ಹಣ್ಣು ಗಂಟಲಿಗೆ ತಲುಪುವುದಿಲ್ಲ. ಅದಕ್ಕೆ ಹಣ್ಣನ್ನು ಮೇಲಕ್ಕೆ ಚಿಮ್ಮಿ, ಕತ್ತು ಹಿಂದೆ ಎಸೆದು, ಬಾಯಿ ಮೇಲೆ ಮಾಡಿ ನುಂಗುತ್ತದೆ. ನಿಮ್ಮ ಹಕ್ಕಿಯನ್ನು ಆ ಗಳಿಗೆಯಲ್ಲಿ ಹಿಡಿಯಿರಿ. ಕತ್ತು ಎತ್ತಿದ ಹಕ್ಕಿ. ಕೊಕ್ಕಿನ ತುದಿ ತಾನಾಗೇ ಬಾಯಿಗಿಂತ ಮೇಲೆ ಬರುತ್ತದೆ. ಬೆನ್ನಿನಿಂದ ಇಳಿದು ಬರುವ ಉದ್ದ ಬಾಲವೇ ಹಿಡಿಕೆಯಾಗುತ್ತದೆ. ಪಾನಕ ಸುರಿಯಲು ಬಗ್ಗಿಸಿದಾಗ ಹಕ್ಕಿ ತಲೆ ಇಳಿಸಿ ಕೊಟ್ಟ ಹಾಗೆ ಕಾಣುತ್ತದೆ, ಎತ್ತಿದಾಗ ನುಂಗಿದ ಹಾಗೆ. ಮೇಜಿನ ಮೇಲಿದ್ದಾಗ ಅರ್ಧ ಶಿಲ್ಪ, ಕೈಗೆ ಬಂದಾಗ ಪೂರ್ತಿ ಶಿಲ್ಪ. ನನಗೆ ಇದನ್ನು ಬರೆಯುವಾಗಲೇ ಮಾಡಿನೋಡಬೇಕು ಅನಿಸುತ್ತಿದೆ.

ಎರಡನೇ ಕಾರಣ ಕೊಕ್ಕಿನ ತುಟಿ. ನೀವು ಅಂಚನ್ನು ಒದ್ದೆ ಬೆರಳಲ್ಲಿ ಸವರಿ ದುಂಡಗೆ ಮಾಡಿದ್ದೀರಿ. ಅದರ ಮೇಲೆ ದಪ್ಪ ಗ್ಲೇಜ್ ಕೂತಿದೆ. ದುಂಡಗಿನ ನುಣುಪಾದ ಅಂಚಿಗೆ ನೀರು ಅಂಟಿಕೊಂಡು, ತುಟಿಯನ್ನು ಸುತ್ತಿ, ಕೆಳಗಿನ ಗಂಟಲಿನ ಮೇಲೆ ಹರಿಯುತ್ತದೆ. ತುದಿ ಚೂಪಾಗಿರಬೇಕು. ತುಟಿಯ ಕೆಳಭಾಗ ಒಳಕ್ಕೆ ತಿರುಗಿರಬೇಕು. ಮಣ್ಣು ಚರ್ಮದಷ್ಟು ಗಟ್ಟಿಯಾದಾಗ ತಂತಿಯಿಂದ ಒಂದೇ ಸಲ ಓರೆಯಾಗಿ ಕತ್ತರಿಸಿ. ಮತ್ತೆ ಸವರಲು ಹೋಗಬೇಡಿ. ಗ್ಲೇಜ್ ಹಾಕಿದ ಮೇಲೆ ಆ ಅಂಚಿನಲ್ಲಿ ಸ್ಪಂಜಿನಿಂದ ಹಗುರ ಒರೆಸಿ, ತೆಳುವಾಗಿ ಉಳಿಯಲಿ. ಒಳಗಿನ ದಾರಿಯೂ ಹೊಟ್ಟೆಯಿಂದ ತುದಿಗೆ ಹೋದಂತೆ ಸ್ವಲ್ಪ ಸ್ವಲ್ಪವೇ ಕಿರಿದಾಗಲಿ, ಎಲ್ಲೂ ಮೆಟ್ಟಿಲು ಬೇಡ. ಬಾಟಲಿ ಬ್ರಷ್ ಕೊಕ್ಕಿನ ತುದಿಯವರೆಗೆ ಹೋಗುತ್ತದಾ ಅಂತ ಹಸಿ ಮಣ್ಣಿನಲ್ಲೇ ನೋಡಿ. ಹೋಗದಿದ್ದರೆ ಆ ಜಗ್‌ನಲ್ಲಿ ಪಾನಕ ಕೊಡಬಾರದು.

ತೂಕದ ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಪಾನಕ ಅಂದರೆ ಒಂದು ಕಿಲೋ. ಖಾಲಿ ಜಗ್ 800 ಗ್ರಾಂ ದಾಟದಿರಲಿ. ನಿಮ್ಮದು, ಫೋಟೋದ ಗೋಡೆ ದಪ್ಪ ನೋಡಿದರೆ, ಅದಕ್ಕಿಂತ ತುಂಬ ಜಾಸ್ತಿ ಇರಬೇಕು. ಹಕ್ಕಿಯ ತಲೆಯ ಮೇಲಿನ ಶಿರಸ್ತ್ರಾಣವನ್ನು ಗಟ್ಟಿ ಮಾಡಿದ್ದೀರಿ ಅನಿಸುತ್ತದೆ. ಟೊಳ್ಳು ಮಾಡಿ. ಒಳಗೆ ಗಾಳಿ ಹೋಗಲು ಸಣ್ಣ ತೂತು ಬಿಡಿ. ಬಾಲದ ಹಿಡಿಕೆ ಮತ್ತು ಹೊಟ್ಟೆಯ ನಡುವೆ ಬೆರಳು ಆಡಲು ಸುಟ್ಟ ಮೇಲೆ ಮೂರು ಸೆಂಟಿಮೀಟರ್ ಇರಲಿ. ಸುಟ್ಟ ಮೇಲೆ ಅಂದೆ, ಗಮನಿಸಿ. ಸ್ಟೋನ್‌ವೇರ್ ಮಣ್ಣು, ಅಂದರೆ ಹೆಚ್ಚು ಬಿಸಿಯಲ್ಲಿ ಸುಡುವ ಗಟ್ಟಿ ಮಣ್ಣು, ಒಣಗಿ ಸುಟ್ಟು ಮುಗಿಯುವಷ್ಟರಲ್ಲಿ ಸುಮಾರು ನೂರಕ್ಕೆ 12ರಷ್ಟು ಕುಗ್ಗುತ್ತದೆ. 30 ಸೆಂಟಿಮೀಟರ್ ಬೇಕಾದರೆ ಹಸಿ ಮಣ್ಣಿನಲ್ಲಿ 34 ಮಾಡಬೇಕು. ನಿಮ್ಮ ಮಣ್ಣಿನದು ಎಷ್ಟು ಅಂತ ಹತ್ತು ಸೆಂಟಿಮೀಟರ್ ಗೆರೆ ಎಳೆದ ಪಟ್ಟಿ ಸುಟ್ಟು ಅಳೆದುಕೊಳ್ಳಿ. ಹಿಡಿಕೆ ಇಕ್ಕಟ್ಟಾಗುವುದು ಹೆಚ್ಚಾಗಿ ಈ ಕುಗ್ಗುವಿಕೆಯನ್ನು ಮರೆತದ್ದರಿಂದಲೇ.

ಯಾಣದ ಸ್ಟ್ಯಾಂಡ್ ವಿಷಯಕ್ಕೆ ಬಂದರೆ, ಬಂಡೆಯ ಹೊರರೂಪವನ್ನು ನೀವು ಹಾಗೇ ಇಳಿಸಿದ್ದೀರಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90. ಅದನ್ನು ಒಂದೂವರೆ ಅಡಿಗೆ ಇಳಿಸಿದರೆ ದೊಡ್ಡದರ ಭಯ ಹೋಗುತ್ತದೆ, ತೂಕ ಮಾತ್ರ ಉಳಿಯುತ್ತದೆ. ಯಾಣಕ್ಕೆ ಹೋದಾಗ ನಿಮಗೆ ಮೈಯಲ್ಲಿ ಉಳಿದದ್ದು ಏನು ಅಂತ ಕಣ್ಣು ಮುಚ್ಚಿ ಯೋಚಿಸಿ. ನನಗೆ ಉಳಿದದ್ದು ಬಂಡೆಗಳ ನಡುವಿನ ಸಂದಿ. ಎರಡೂ ಕಡೆ ಕಪ್ಪು ಗೋಡೆ, ತಣ್ಣಗೆ, ಮೇಲೆ ಒಂದು ಪಟ್ಟಿ ಬೆಳಕು.

ಆ ಸಂದಿಯನ್ನೇ ಪಾತ್ರೆ ಮಾಡಿ. ಕೈ ಉದ್ದದ ಪಾದದ ಮೇಲೆ ಎರಡು ಕಪ್ಪು ಗೋಡೆ, ಒಂದು ಎತ್ತರ, ಒಂದು ಗಿಡ್ಡ, ಮೇಲೆ ಮುರಿದ ಅಂಚು. ನಡುವೆ ಕಿರಿದಾದ ಜಾಗ. ಅದರಲ್ಲಿ ತೊಡೆದೇವು ನಿಲ್ಲಿಸಿ, ಕಾದ ಮಡಕೆಯ ಬೆನ್ನಿಗೆ ಬಳಿದು ತೆಗೆಯುವ ಕಾಗದದಂಥ ಸಿಹಿತಿಂಡಿ ಅದು. ಮಡಚಿದ ತೊಡೆದೇವನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಪುಡಿ. ನಿಲ್ಲಿಸಿದರೆ ಒಂದಕ್ಕೊಂದು ಒರಗಿ ನಿಲ್ಲುತ್ತವೆ, ಬೆರಳಲ್ಲಿ ಒಂದನ್ನೇ ಎತ್ತಲು ಬರುತ್ತದೆ. ಹಿಂದಿನಿಂದ ಬೆಳಕು ಬಂದರೆ ಆ ತೆಳ್ಳನೆಯ ಹಾಳೆಗಳು ಹೊನ್ನಿನ ಬಣ್ಣದಲ್ಲಿ ಕಪ್ಪು ಗೋಡೆಗಳ ನಡುವೆ ಉರಿಯುವ ಹಾಗೆ ಕಾಣುತ್ತವೆ. ಮಡಕೆಯ ಬೆನ್ನ ಮೇಲೆ ಹುಟ್ಟಿದ ತಿಂಡಿಗೆ ಮತ್ತೆ ಮಣ್ಣಿನದೇ ಆಸರೆ. ನಿಮ್ಮ ಮನೆಯಲ್ಲಿ ಮಡಚುವ ಅಳತೆ ಎಷ್ಟು ಅಂತ ಅಳೆದು ಗೋಡೆಯ ಎತ್ತರ ಇಟ್ಟುಕೊಳ್ಳಿ. ಸಂದಿಯ ತಳದಲ್ಲಿ ಮೂಲೆ ಬೇಡ, ಬೆರಳು ಹೋಗಿ ಒರೆಸುವಷ್ಟು ದುಂಡಗಿರಲಿ. ಇದು ಕೂರುವ ಪಾತ್ರೆ, ಹಾಗಾಗಿ ಬುಡ ಭಾರ ಇದ್ದರೂ ತೊಂದರೆ ಇಲ್ಲ. ಆದರೆ ಒಟ್ಟು ಎತ್ತರ 25 ಸೆಂಟಿಮೀಟರ್ ದಾಟಿಸಬೇಡಿ. ಎದುರು ಕೂತವರ ಮುಖ ಮುಚ್ಚುವ ಪಾತ್ರೆ ಮಾತು ನಿಲ್ಲಿಸುತ್ತದೆ. ಅಂದ ಹಾಗೆ, ತೊಡೆದೇವು ನಮ್ಮ ಹವೆಗೆ ಬೇಗ ಮೆತ್ತಗಾಗುತ್ತದೆ. ಬೇಕಾದಷ್ಟನ್ನೇ ಡಬ್ಬಿಯಿಂದ ತೆಗೆದು ನಿಲ್ಲಿಸಿ.

ಬಾಳೆ ಎಲೆಯ ತಟ್ಟೆಯ ಬಗ್ಗೆ ನಿಮ್ಮತ್ತೆ ಹೇಳಿದ್ದು ಸರಿ. ಹಿತ್ತಲಲ್ಲಿ ನಿಜವಾದ ಎಲೆ ಇರುವಾಗ ಅದರ ಪ್ರತಿಯಲ್ಲಿ ಯಾಕೆ ಉಣ್ಣಬೇಕು? ಅದನ್ನು ಬಿಟ್ಟುಬಿಡಿ. ಬದಲಿಗೆ ಅಡಿಕೆ ಹಾಳೆಯನ್ನು ನೋಡಿ. ಹಾಳೆಯ ಆಕಾರ ಅಲ್ಲ, ಹಾಳೆ ಮಡಚುವ ರೀತಿ. ನೆನೆಸಿದ ಹಾಳೆಯ ಎರಡು ತುದಿ ಒಳಕ್ಕೆ ಮಡಚಿ ಕಡ್ಡಿ ಚುಚ್ಚಿದರೆ ನೀರು ನಿಲ್ಲುವ ಪಾತ್ರೆ ಆಗುತ್ತದೆ. ಟೊಪ್ಪಿಯೂ ಹಾಗೇ ಆಗುತ್ತದೆ. ಲಟ್ಟಿಸಿದ ಮಣ್ಣಿನ ಹಲಗೆಯೂ ಥೇಟ್ ಹಾಳೆಯ ಹಾಗೇ ಬಾಗುತ್ತದೆ, ಮಡಚಿದ ಕಡೆ ಗಟ್ಟಿಯಾಗುತ್ತದೆ. ಆರು ಮಿಲಿಮೀಟರ್ ದಪ್ಪದ ಹಲಗೆ ತೆಗೆದುಕೊಂಡು, ಎರಡು ತುದಿ ಮಡಚಿ, ಮಡಿಕೆಯೇ ಹಿಡಿಕೆ ಆಗುವ ಹಾಗೆ ಒಂದು ಉದ್ದ ತಟ್ಟೆ ಮಾಡಿ. ಮೇಲೆ ಏನೂ ಅಂಟಿಸಬೇಡಿ, ಗೆರೆ ಎಳೆಯಬೇಡಿ. ಹಾಳೆ ನೋಡಿ ಬೆಳೆದವರಿಗೆ ಆ ಮಡಿಕೆ ಕಂಡ ಕೂಡಲೇ ಗೊತ್ತಾಗುತ್ತದೆ. ಬೆಂಗಳೂರಿನಿಂದ ಬಂದವರಿಗೆ ಗೊತ್ತಾಗದಿದ್ದರೂ ಹಿಡಿದಾಗ ಹಿತ ಅನಿಸುತ್ತದೆ.

ಇನ್ನು ನಡೆಯುವ ಪಾತ್ರೆ. ನಿಮ್ಮ ಸೆಟ್‌ನಲ್ಲಿ ಅದು ಒಂದೂ ಇಲ್ಲ. ನನ್ನ ಪ್ರಕಾರ ಮೊದಲು ಮಾಡಬೇಕಾದದ್ದು ಅದೇ. ತಂಬುಳಿ, ಅಪ್ಪೆಹುಳಿ, ಸಾಸಿವೆ, ಇಂಥವನ್ನು ಬಡಿಸಲು ಒಂದೂವರೆ ಲೀಟರ್ ಹಿಡಿಯುವ ಬೋಗುಣಿ ಸಾಕು. ತುಂಬಿದಾಗ ಎರಡೂವರೆ ಕಿಲೋ ಒಳಗಿರಲಿ. ಎಡ ಅಂಗೈ ಮೇಲೆ ಕೂರುವ ಹಾಗೆ ಬುಡದಲ್ಲಿ ಪಾದದ ಉಂಗುರ ಇಡಿ. ಉಂಗುರದೊಳಗೆ ನಾಲ್ಕು ಬೆರಳಿನ ತುದಿ ಸಿಕ್ಕಿ ನಿಲ್ಲಬೇಕು. ಆಗ ಒದ್ದೆ ಕೈಯಲ್ಲೂ ಜಾರುವುದಿಲ್ಲ. ಬೋಗುಣಿಯ ಒಳತಳದ ಬಾಗು ಮತ್ತು ಸೌಟಿನ ಬಾಗು ಒಂದೇ ಇರಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ತಳ ಚಪ್ಪಟೆ ಇದ್ದು ಸೌಟು ದುಂಡಗಿದ್ದರೆ ಕೊನೆಯ ನಾಲ್ಕು ಸೌಟು ಪದಾರ್ಥ ಮೂಲೆಯಲ್ಲೇ ಉಳಿಯುತ್ತದೆ, ಬಡಿಸುವವರು ಕೆರೆಯುತ್ತಾ ನಿಲ್ಲಬೇಕಾಗುತ್ತದೆ. ಆ ಕೆರೆಯುವ ಸದ್ದು ಕೇಳಿದ ಕೂಡಲೇ ಉಣ್ಣುವವರು 'ಸಾಕು ಸಾಕು' ಅನ್ನುತ್ತಾರೆ. ಮೊದಲು ಸೌಟು ಆರಿಸಿ. ತೆಂಗಿನ ಗೆರಟೆಯ ಸೌಟು ಇದ್ದರೆ ತುಂಬ ಒಳ್ಳೆಯದು, ಗ್ಲೇಜ್ ಗೀರುವುದಿಲ್ಲ, ಸದ್ದೂ ಹಗುರ. ಅದರ ಬೆನ್ನನ್ನೇ ಹಸಿ ಮಣ್ಣಿಗೆ ಇಟ್ಟು ತಳದ ಬಾಗು ನೋಡಿಕೊಳ್ಳಿ. ಸೌಟಿನ ಹಿಡಿಯನ್ನು ಶಿರಸಿ ಕಡೆಯ ಗುಡಿಗಾರರ ಹತ್ತಿರ ಕೆತ್ತಿಸಬಹುದು. ಗಂಧ, ಬೆಂಡು ಎರಡನ್ನೂ ಪಳಗಿಸಿದ ಕೈಗಳು ಅವು. ಹಿಡಿಯ ತುದಿಯಲ್ಲಿ ಒಂದು ಹಿಂಗಾರದ ಮೊಗ್ಗು ಕೆತ್ತಿದರೆ ಸಾಕು.

ಬೋಗುಣಿಯ ಬುಡಕ್ಕೆ ಏನು ಮಾಡುವುದು? ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯ ಮೇಲಿನ ಕಾವಿ ಕೆಲಸ ನೀವು ಎಷ್ಟೋ ಸಲ ನೋಡಿರುತ್ತೀರಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಅದು ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿ ತೆಗೆಯುವುದು. ಮಣ್ಣಿನಲ್ಲೂ ಅದೇ ಕ್ರಮ ನಡೆಯುತ್ತದೆ. ಬಿಳಿ ಮಣ್ಣಿನ ಬೋಗುಣಿಯ ಹೊರಮೈಗೆ ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನ ಸ್ಲಿಪ್ (ನೀರಲ್ಲಿ ಕದಡಿದ ತೆಳು ಮಣ್ಣು) ಹಚ್ಚಿ. ಕೈಗೆ ಅಂಟದಷ್ಟು ಆರಿದ ಮೇಲೆ ಬುಡದಿಂದ ಮೇಲಕ್ಕೆ ಎಳೆ ಕೆರೆಯಿರಿ. ತೂಕ ಗೊತ್ತಾಗುವಷ್ಟು ಹೆಚ್ಚುವುದಿಲ್ಲ, ಎತ್ತರವೂ ಇಲ್ಲ, ಕೊಳೆ ಕೂರುವ ಸಂದಿಯೂ ಇಲ್ಲ. ಬಡಿಸಿ ಎದ್ದಾಗ ಕೂತವರ ಕಣ್ಣ ಮುಂದೆ ಕೆಂಪು ಬಿಳಿ ಬಳ್ಳಿಯೊಂದು ಹಾದುಹೋಗುತ್ತದೆ. ಒಳಗಡೆ ಮಾತ್ರ ಸ್ವಚ್ಛ ಬಿಳಿ ಇರಲಿ. ಅಪ್ಪೆಹುಳಿಯ ತಿಳಿ ಮತ್ತು ಒಗ್ಗರಣೆಯ ಮೆಣಸು ಅದರ ಮೇಲೆ ಚೆನ್ನಾಗಿ ಕಾಣುತ್ತವೆ.

ಗ್ಲೇಜ್ ಬಗ್ಗೆ ಕೇಳಿದ್ದಕ್ಕೆ ನನ್ನದೇ ಅನುಭವ ಹೇಳಬೇಕು. ವರ್ಷಗಳ ಹಿಂದೆ ಒಂದು ಮನೆಯ ಶುಭಕಾರ್ಯಕ್ಕೆ ಹನ್ನೆರಡು ಬಟ್ಟಲು ಮಾಡಿಕೊಟ್ಟಿದ್ದೆ. ಅಡಿಕೆ ಗೊನೆಯ ಹಸಿರು ಬರಲಿ ಅಂತ ಒಳಗೂ ಹೊರಗೂ ತಾಮ್ರದ ಹಸಿರು ಗ್ಲೇಜ್. ಗ್ಲೇಜ್ ಕೊಂಡ ಅಂಗಡಿಯವರು ಊಟಕ್ಕೆ ಬಳಸಬಹುದು ಅಂದಿದ್ದರು, ನಾನು ಪರೀಕ್ಷೆ ಮಾಡದೇ ನಂಬಿದೆ. ಒಂದು ಬಟ್ಟಲಲ್ಲಿ ಅಪ್ಪೆಹುಳಿ ರಾತ್ರಿಯಿಡೀ ಉಳಿಯಿತು. ಬೆಳಿಗ್ಗೆ ಹುಳಿ ನಿಂತ ಮಟ್ಟದಲ್ಲಿ ಗೆರೆ ಎಳೆದ ಹಾಗೆ ಹೊಳಪು ಹೋಗಿ, ಕೆಳಗೆ ಹಸಿರು ಮಾಸಿತ್ತು. ಹೋದ ಹಸಿರು ಎಲ್ಲಿಗೆ ಹೋಯಿತು ಅಂದರೆ, ಹುಳಿಗೆ ಹೋಯಿತು. ಪುಣ್ಯಕ್ಕೆ ಯಾರೂ ಅದನ್ನು ಉಂಡಿರಲಿಲ್ಲ. ಹನ್ನೆರಡನ್ನೂ ವಾಪಸ್ ತಂದು ಒಡೆದೆ. ಆವತ್ತಿನಿಂದ ಪದಾರ್ಥ ತಾಗುವ ಕಡೆ ಬಣ್ಣದ ಗ್ಲೇಜ್ ಹಾಕಿಲ್ಲ.

ನೀವೂ ಹಾಗೇ ಮಾಡಿ. ಒಳಗೆ ಬಿಳಿ ಅಥವಾ ಪಾರದರ್ಶಕ, ಪೂರ್ತಿ ಕರಗಿ ಹೊಳೆಯುವ ಗ್ಲೇಜ್. ಬಣ್ಣ, ಮ್ಯಾಟ್ (ಹೊಳಪಿಲ್ಲದ್ದು), ಒರಟು ಎಲ್ಲ ಹೊರಗೆ. ಸೀಸ ಇರುವ ಯಾವುದನ್ನೂ ಮನೆಯೊಳಗೇ ತರಬೇಡಿ. ನಿಮ್ಮ ಭಟ್ಟಿ 1250 ಮುಟ್ಟುವುದರಿಂದ ಅದರ ಅಗತ್ಯವೂ ಇಲ್ಲ. ಮ್ಯಾಟ್ ಗ್ಲೇಜ್‌ಗಳಲ್ಲಿ ಕೆಲವಕ್ಕೆ ಬೇರಿಯಂ ಹಾಕುತ್ತಾರೆ, ಅದನ್ನೂ ಊಟದ ಹತ್ತಿರ ಬಿಡಬೇಡಿ. ಮನೆಯಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಸುಟ್ಟ ತುಂಡನ್ನು ಬಿಳಿ ವಿನೆಗರ್‌ನಲ್ಲಿ ಅರ್ಧ ಮುಳುಗಿಸಿ ಮೂರು ದಿನ ಇಡಿ. ಮುಳುಗಿದ ಭಾಗದ ಬಣ್ಣ, ಹೊಳಪು ಸ್ವಲ್ಪ ಬದಲಾದರೂ ಆ ಗ್ಲೇಜ್ ಬೇಡ. ಆದರೆ ಬದಲಾಗಲಿಲ್ಲ ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತ ಅರ್ಥವಲ್ಲ. ಮಾರುವ ಯೋಚನೆ ಇದ್ದರೆ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಅಲ್ಲಿ ನೂರಕ್ಕೆ 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ಪಾತ್ರೆಯಲ್ಲಿಟ್ಟು, ಅದಕ್ಕೆ ಎಷ್ಟು ಸೀಸ, ಕ್ಯಾಡ್ಮಿಯಂ ಬಿಟ್ಟುಕೊಂಡಿತು ಅಂತ ಅಳೆಯುತ್ತಾರೆ. ನಮ್ಮ ಹಿರಿಯರು ಹುಳಿಯನ್ನು ಕಲ್ಲುಮರಿಗೆಯಲ್ಲಿ ಇಡುತ್ತಿದ್ದುದು, ತಾಮ್ರ ಹಿತ್ತಾಳೆಗೆ ಕಲಾಯಿ ಹಾಕಿಸದೆ ಅಡುಗೆ ಮಾಡದೇ ಇದ್ದುದು ಸುಮ್ನೆ ಅಲ್ಲ.

ಕಾರವಾರದ ಗೆಳತಿಯ ಸೆಟ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಮೀನಿನ ತಟ್ಟೆಗೆ ಮೀನಿನ ಆಕಾರ ಬೇಡ. ಹುರಿದ ಬಾಂಗಡೆ ಬಂದು ಕೂತರೆ ನಿಮ್ಮ ಮಣ್ಣಿನ ಮೀನು ಕಾಣುವುದೇ ಇಲ್ಲ. ಅವರ ಮನೆಯಲ್ಲಿ ತಿಸ್ರೆ ಮಾಡುತ್ತಾರಾ ಕೇಳಿ. ಎರಡು ಚಿಪ್ಪಿನೊಳಗೆ ಇರುವ ಜೀವಿ ಅದು, ಬಳಚು ಅಂತಲೂ ಅನ್ನುತ್ತೇವೆ, ಊರಿಗೊಂದು ಹೆಸರು. ಅದನ್ನು ತಿನ್ನುವಾಗ ಖಾಲಿ ಚಿಪ್ಪು ಎಲ್ಲಿ ಹಾಕುವುದು ಅನ್ನುವುದೇ ನೆಂಟರ ಮುಜುಗರ. ಬಾಳೆ ಎಲೆಯ ತುದಿಯಲ್ಲಿ ರಾಶಿ ಬೆಳೆಯುತ್ತದೆ, ಸಾರು ಹರಿದುಬರುತ್ತದೆ. ಖಾಲಿ ಚಿಪ್ಪಿಗೇ ಒಂದು ಪಾತ್ರೆ ಮಾಡಿಕೊಡಿ. ಕಾಳಿ ನದಿ ಸಮುದ್ರ ಸೇರುವ ಕಡೆ ಇಳಿತದ ಹೊತ್ತಿಗೆ ಮರಳಿನ ಮೇಲೆ ನೀರು ಬಿಟ್ಟುಹೋದ ಅಲೆಗಳ ಗುರುತು ಇರುತ್ತದಲ್ಲ, ಅಂಥ ತಳ ಇರುವ ಅಗಲ ಬಟ್ಟಲು. ಅಲೆಯ ತಗ್ಗಿನಲ್ಲಿ ಸಾರು ಇಳಿಯುತ್ತದೆ, ಏರಿನ ಮೇಲೆ ಚಿಪ್ಪು ಕೂರುತ್ತದೆ. ಊಟ ಮುಂದುವರಿದಂತೆ ಮರಳದಂಡೆಯ ಮೇಲೆ ಚಿಪ್ಪು ಬಿದ್ದ ಹಾಗೆ ತುಂಬುತ್ತಾ ಹೋಗುತ್ತದೆ. ತಿನ್ನುವವರೇ ಆ ಶಿಲ್ಪವನ್ನು ಮುಗಿಸುತ್ತಾರೆ. ಅಲೆಗಳು ಬೆರಳು ಹೋಗುವಷ್ಟು ಅಗಲ ಇರಲಿ, ಇಲ್ಲದಿದ್ದರೆ ತೊಳೆದರೂ ನಾತ ಹೋಗುವುದಿಲ್ಲ.

ನೀವು ಕೇಳದ ಒಂದು ಪಾತ್ರೆಯ ಬಗ್ಗೆ ಹೇಳದೆ ಇರಲಾರೆ. ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆ. ನಮ್ಮ ಮನೆಗಳಲ್ಲಿ ನೆಂಟರ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಇರುವುದು ಅದು. ಬಂದ ಕೂಡಲೇ ಆಸರಿಗೆ ಕೊಟ್ಟ ಬೆಲ್ಲ ನೀರಿನ ಪಾತ್ರೆ ಐದು ನಿಮಿಷದಲ್ಲಿ ಒಳಗೆ ಹೋಗುತ್ತದೆ. ಊಟದ ಪಾತ್ರೆ ಊಟದ ಜೊತೆ ಹೋಗುತ್ತದೆ. ಕವಳದ ತಟ್ಟೆ ಮಾತ್ರ ಜಗಲಿಯಲ್ಲಿ ಮಧ್ಯಾಹ್ನವಿಡೀ ಇರುತ್ತದೆ. ಅದಕ್ಕೆ ಬಿಸಿ ಇಲ್ಲ, ಸಾರಿಲ್ಲ, ದಿನಾ ಉಜ್ಜಿ ತೊಳೆಯಬೇಕಿಲ್ಲ. ಮಾತಾಡುತ್ತಾ ಜನ ಅದರ ಅಂಚನ್ನು ಬೆರಳಲ್ಲಿ ಸವರುತ್ತಲೇ ಇರುತ್ತಾರೆ. ನಿಮ್ಮ ಕೆತ್ತನೆಯ ಆಸೆಯನ್ನೆಲ್ಲ ಅಲ್ಲಿ ತೀರಿಸಿಕೊಳ್ಳಿ. ಎಲೆ ಬಾಡದಂತೆ ಒದ್ದೆ ಬಟ್ಟೆ ಇಡಲು ಒಂದು ಆಳದ ಕುಳಿ, ಅಡಿಕೆಗೆ ಒಂದು, ಸುಣ್ಣಕ್ಕೆ ಮುಚ್ಚಳವಿರುವ ಪುಟ್ಟ ಡಬ್ಬಿ. ಆ ಮುಚ್ಚಳದ ಗುಬುಟು ಕಣ್ಣು ಮುಚ್ಚಿ ಹಿಡಿದರೂ ಗೊತ್ತಾಗುವ ಆಕಾರದಲ್ಲಿರಲಿ. ಈಗ ಕವಳ ಹಾಕುವವರು ಕಡಿಮೆಯಾಗಿದ್ದಾರೆ, ಬೇಡ ಅಂತ ವೈದ್ಯರೂ ಹೇಳುತ್ತಾರೆ. ತೊಂದರೆ ಇಲ್ಲ. ಅದೇ ಕುಳಿಗಳಲ್ಲಿ ಏಲಕ್ಕಿ, ಕಲ್ಲುಸಕ್ಕರೆ, ಸೋಂಪು ಇಡಿ. ಕೈ ಚಾಚಿ ತೆಗೆದುಕೊಳ್ಳುವ ಆ ಗಳಿಗೆ ಉಳಿದರೆ ಸಾಕು.

ಯಾವುದನ್ನೇ ಮಾಡಿದರೂ ಸುಡುವ ಮೊದಲು ಒಂದು ಕೆಲಸ ಮಾಡಿ. ರಟ್ಟಿನಲ್ಲಿ ಅಥವಾ ಹಳೇ ಮಣ್ಣಿನಲ್ಲಿ ಅದೇ ಅಳತೆಯ ಒರಟು ಮಾದರಿ ಮಾಡಿ, ಅಕ್ಕಿ ತುಂಬಿ, ಮನೆಯವರನ್ನು ಜಗಲಿಯಲ್ಲಿ ಕೂರಿಸಿ ಬಡಿಸಿ ನೋಡಿ. ನೀವು ಬಡಿಸಿದ್ದು ಸಾಲದು. ನಿಮ್ಮತ್ತೆಯ ಕೈಗೆ ಕೊಡಿ. ಅವರು ಎಲ್ಲಿ ಹಿಡಿಯುತ್ತಾರೆ ನೋಡಿ. ನೀವು ಮಾಡಿದ ಹಿಡಿಕೆ ಬಿಟ್ಟು ಬೇರೆ ಕಡೆ ಹಿಡಿದರೆ, ಹಿಡಿಕೆ ಇರಬೇಕಾದ್ದು ಅಲ್ಲಿ.

ಶುರು ಮಾಡುವಾಗ ಬೋಗುಣಿ ಮೊದಲು, ಆಮೇಲೆ ಮಂಗಟ್ಟೆ ಜಗ್. ಯಾಣದ ಗೋಡೆಗಳನ್ನು ಮಳೆಗಾಲ ಮುಗಿಯುವವರೆಗೆ ಮುಟ್ಟಬೇಡಿ. ಆಷಾಢದಲ್ಲಿ ನಿಮ್ಮ ಕಡೆ ದಪ್ಪ ಮಣ್ಣು ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯೇ. ಭಟ್ಟಿ ನೂರು ಡಿಗ್ರಿ ದಾಟುತ್ತಿದ್ದಂತೆ ಒಳಗಿನ ನೀರು ಆವಿಯಾಗಿ ಗೋಡೆ ಸಿಡಿಯುತ್ತದೆ, ಪಕ್ಕದಲ್ಲಿಟ್ಟ ಜಗ್‌ನ್ನೂ ಕರೆದುಕೊಂಡು ಹೋಗುತ್ತದೆ. ತೆಳ್ಳಗಿನ ಬೋಗುಣಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಮಗುಚಿಟ್ಟು ವಾರಗಟ್ಟಲೆ ಒಣಗಿಸಿ. ಒಣಗಿತಾ ಅಂತ ನೋಡಲು ಬುಡವನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ತಾಗಿದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ ಇಡಿ.